ಆರು ಡೋಸಿನ ಬಾಟಲಿ

ವಾಷಿಂಗ್ ಮಷೀನ್ ರಿಪೇರಿ ಮಾಡುವ ಆ ಮನುಷ್ಯನನ್ನು ಬೀದಿಯವರೆಲ್ಲ ಕರೆಯುವುದು ಗಿರಗಿಟ್ಲೆ ಎಂದೇ. ತಿರುಗಬೇಕಾದದ್ದು ಎಲ್ಲಾದರೂ ನಿಂತುಹೋಗಿದ್ದರೆ ಅವನಿಗೆ ಊಟ ಸೇರದು. ಐವತ್ತೆಂಟು ವರ್ಷ, ಕಿವಿಯ ಸಂದಿಯಲ್ಲಿ ಸದಾ ಒಂದು ಟೆಸ್ಟರ್. ಕೆಲಸದಲ್ಲಿ ಒಂದೇ ಹಟ: ನೀರನ್ನು ಬಟ್ಟೆಯಲ್ಲಿ ಸೋಸದೆ ಚೆಲ್ಲುವಂತಿಲ್ಲ. ಯಾರದೋ ಓಲೆಯ ತಿರುಪು, ಯಾರದೋ ಅಂಗಿಯ ಗುಂಡಿ ಹಾಗೆ ಸಿಕ್ಕಿ ವಾಪಸು ಮನೆ ಸೇರಿದ್ದುಂಟು.

ಹಳೆ ಬಾಟಲಿಗಳ ಹುಚ್ಚು ಹತ್ತಿದ್ದು ಎರಡು ವರ್ಷದ ಹಿಂದೆ. ಎಲ್ಲೋ ಪಾಯ ಅಗೆಯುವಾಗ ಸಿಕ್ಕ ಒಂದು ಚೀಲ ಗಾಜನ್ನು ಗುಜರಿಯವನು ತಂದು ಅಂಗಡಿಯಲ್ಲಿ ಇಳಿಸಿಹೋದ. ಹಸಿರು, ನೀಲಿ, ಜೇನುಬಣ್ಣದ ಬಾಟಲಿಗಳು. ಎಲ್ಲದಕ್ಕೂ ಬೂದಿ ಬಳಿದ ಹಾಗೆ ಮಬ್ಬು. ಸೋಪಾಯಿತು, ಬ್ರಷ್ಷಾಯಿತು, ಆಸಿಡ್ಡೂ ಆಯಿತು, ಜಪ್ಪಯ್ಯ ಎಂದರೂ ಮಬ್ಬು ಬಿಡಲಿಲ್ಲ. ಮಣ್ಣು ಗಾಜನ್ನೇ ತಿಂದಿತ್ತು. ಮೇಲಿನ ಪದರ ಸವೆಸದೆ ಬೇರೆ ದಾರಿ ಇರಲಿಲ್ಲ.

ಹಿತ್ತಿಲ ಮಷೀನು ಹುಟ್ಟಿದ್ದು ಹಾಗೆ. ಗುಜರಿಗೆ ಹೋಗಬೇಕಿದ್ದ ಒಂದು ಮೋಟರ್, ರಬ್ಬರ್ ಸುತ್ತಿದ ಎರಡು ಉರುಳೆ, ಅವುಗಳ ಮೇಲೆ ಅಡ್ಡ ಮಲಗಿದ ದಪ್ಪ ಪೈಪಿನ ತುಂಡು. ಪೈಪಿನೊಳಗೆ ಬಾಟಲಿ ಅಲುಗದಂತೆ ರಬ್ಬರಿನ ಆಸರೆ. ಬಾಟಲಿಯ ಒಳಗೂ ಹೊರಗೂ ನೀರು, ತಾಮ್ರದ ತಂತಿಯ ಚೂರು, ಕನ್ನಡಕದ ಅಂಗಡಿಯಿಂದ ಬೇಡಿ ತಂದ ಪಾಲಿಶ್ ಪುಡಿ. ತಾಮ್ರ ಗಾಜಿಗಿಂತ ಮೆತ್ತಗೆ, ಗೀರುವುದಿಲ್ಲ. ಪುಡಿಯನ್ನು ಒತ್ತಿ ಉಜ್ಜುತ್ತದೆ ಅಷ್ಟೆ. ತಂತಿಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿ ಕತ್ತರಿಸಿ ಹೆಂಡತಿಯ ಎರಡು ಕತ್ತರಿ ಮೊಂಡಾದವು.

ಮೊದಲ ಸಲ ಪೈಪು ಬಟ್ಟೆ ಹಿಂಡುವ ವೇಗದಲ್ಲಿ ಸುತ್ತಿತು. ತಾಮ್ರವೆಲ್ಲ ಗೋಡೆಗೆ ಕಚ್ಚಿಕೊಂಡು ಕೂತಿತು, ಬಾಟಲಿ ಮೂರು ಹೋಳಾಯಿತು.

"ಬಟ್ಟೆ ಹಿಂಡಿ ಹಿಂಡಿ ನಿಮ್ಗೆ ನಿಧಾನ ಅನ್ನೋದೇ ಮರ್ತೋಗಿದೆ," ಎಂದಳು ಹೆಂಡತಿ, ಚೂರು ಗುಡಿಸುತ್ತ.

ಅವನು ದೊಡ್ಡ ಪುಲ್ಲಿ ಹಾಕಿ ವೇಗವನ್ನು ನಿಮಿಷಕ್ಕೆ ಮೂವತ್ತು ಸುತ್ತಿನಷ್ಟಕ್ಕೆ ಇಳಿಸಿದ. ನಾಲ್ಕು ದಿನ ಎಡೆಬಿಡದೆ ಗರಗರ. ಐದನೆಯ ದಿನ ಹೊರಬಂದ ಹಸಿರು ಬಾಟಲಿಯ ಮೂಲಕ ಎದುರುಗೋಡೆಯ ಇಟ್ಟಿಗೆ ಎಣಿಸಬಹುದಿತ್ತು.

ಸುದ್ದಿ ಕೇಳಿ ಅವನ ಅಕ್ಕ ಬಂದಳು, ಟವೆಲಿನಲ್ಲಿ ಒಂದು ಬಾಟಲಿ ಸುತ್ತಿಕೊಂಡು. ಅವರ ಅಪ್ಪ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದ. ಮಿಕ್ಸ್ಚರ್ ಔಷಧಿ ತುಂಬಿದ ಬಾಟಲಿಯ ಪಕ್ಕಕ್ಕೆ ಕಾಗದದ ಪಟ್ಟಿ ಅಂಟಿಸಿ ಕೊಡುವುದು ಆಗಿನ ಕ್ರಮ. ಪಟ್ಟಿಗೆ ಆರು ಕಚ್ಚು, ಕಚ್ಚಿಗೊಂದು ಡೋಸ್. ಅಪ್ಪ ಅಳೆಯದೆ ಕತ್ತರಿಸುತ್ತಿದ್ದ, ಅಕ್ಕ ಅಂಟಿಸುತ್ತಿದ್ದಳು. ವಾಪಸು ಬಂದ ಖಾಲಿ ಬಾಟಲಿಯನ್ನು ನೆನೆಹಾಕಿ, ಹಳೇ ಪಟ್ಟಿ ಉಜ್ಜಿ ತೆಗೆದು ತೊಳೆಯುವುದು ತಮ್ಮನ ಪಾಲು. ಅಪ್ಪ ಹೋದ ಮೇಲೆ ಅವನ ಕೈಯದು ಎಂದು ಅಕ್ಕನಿಗೆ ಉಳಿದದ್ದು ಈ ಬಾಟಲಿಯ ಮೇಲಿನ ಪಟ್ಟಿಯೊಂದೇ. ಬಾಟಲಿಯೊಳಗೆ ಔಷಧಿ ಒಣಗಿ ಬೆಳ್ಳಗೆ ಗಟ್ಟಿಕಟ್ಟಿತ್ತು.

"ಒಳಗಿನ ಕಟ್ಟು ಹೋದ್ರೆ ಸಾಕು ಕಣೋ. ಒಡೆದ್ರೆ ಮಾತ್ರ ನಿನ್ ತಲೆ ಒಡೀತೀನಿ."

ಪಟ್ಟಿಯ ಮಾತು ಅವಳು ಎತ್ತಲಿಲ್ಲ. ಅದನ್ನು ಬಾಯಿಬಿಟ್ಟು ಬೇರೆ ಹೇಳಬೇಕೆಂದು ಅವಳಿಗೆ ಅನಿಸಲೇ ಇಲ್ಲ.

ಅವನ ಭಯವೆಲ್ಲ ಒಡೆಯುವುದರ ಮೇಲಿತ್ತು. ಯಾವ ಆಸರೆ ಎಲ್ಲಿಗೆ ಎಂದು ಲೆಕ್ಕ ಹಾಕುತ್ತಲೇ ಬಾಟಲಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿದ. ಗಂಟೆ ಬಿಟ್ಟು ಎತ್ತಿ, ಪಕ್ಕವನ್ನು ಹೆಬ್ಬೆರಳಿನಿಂದ ಉಜ್ಜಿದ. ಔಷಧಿ ಬಾಟಲಿ ಸಿಕ್ಕರೆ ಆ ಕೈ ಮಾಡಲು ಕಲಿತದ್ದೇ ಅದು. ನೀರನ್ನು ಎಂದಿನಂತೆ ಸೋಸಿ ಚೆಲ್ಲಿ, ಬಟ್ಟೆಯನ್ನು ತಿರುಗಿಯೂ ನೋಡದೆ ನಲ್ಲಿಗೆ ನೇತುಹಾಕಿದ. ಬಾಟಲಿ ಪೈಪಿನೊಳಗೆ ಸೇರಿ ನಾಲ್ಕು ದಿನ ಗರಗರ ತಿರುಗಿತು.

ಐದನೆಯ ದಿನ ಅಕ್ಕ ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿದಳು. ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು ತಿರುಗಿಸಿದಳು.

"ಪಟ್ಟಿ ಎಲ್ಲೋ?"

ಯಾವ ಪಟ್ಟಿ ಎನ್ನಲು ಬಾಯಿ ತೆರೆದವನು ತನ್ನ ಹೆಬ್ಬೆರಳನ್ನೇ ನೋಡುತ್ತ ನಿಂತ.

"ತೊಳೆದ್ಬಿಟ್ಟೆ ಕಣಕ್ಕ."

ಅವಳು ಬೈದಿದ್ದರೆ ವಾಸಿಯಿತ್ತು. ಸ್ಟೂಲಿನ ಮೇಲೆ ಕೂತು, "ಈಗ ಇದು ಯಾರದೋ ಬಾಟ್ಲಿ," ಎಂದಳು, ಅಷ್ಟೆ.

ಮಧ್ಯೆ ಬಾಯಿ ಹಾಕಿದವಳು ಹೆಂಡತಿ. ನೆನೆಹಾಕಿದ ನೀರು ಸೋಸಿದಿರೋ ಇಲ್ಲವೋ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹೋಗಿ ನಲ್ಲಿಯ ಮೇಲೆ ಒಣಗಿ ಸೆಟೆದಿದ್ದ ಬಟ್ಟೆಯನ್ನು ತಂದು ಮೇಜಿನ ಮೇಲೆ ಹರವಿದಳು. ಅದರ ಮಡಿಕೆಯಲ್ಲಿ, ಒಣಎಲೆಯ ಬಣ್ಣದ್ದು, ಬೆರಳಗಲದ್ದು, ಕಚ್ಚಿಕೊಂಡು ಕೂತಿತ್ತು.

ಬಟ್ಟೆಯನ್ನು ಒದ್ದೆ ಮಾಡಿ ಟೆಸ್ಟರಿನ ತುದಿಯಿಂದ ಬಿಡಿಸಲು ಅವನಿಗೆ ಅರ್ಧ ಗಂಟೆ ಹಿಡಿಯಿತು. ಮುಂದಿನ ಕೆಲಸಕ್ಕೆ ಅಕ್ಕ ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮೈದಾ ಕಲಸಿ ಅಂಟು ಕಾಯಿಸಿದಳು, ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದು ಕೂರಿಸಿದಳು.

ದೂರದಿಂದಲೇ ಅವನು ಕಚ್ಚು ಎಣಿಸಿದ. ತುದಿ ಹರಿದುಹೋಗಿತ್ತು.

"ಐದೇ ಇದೆ ಅಕ್ಕ."

ಅಂಟು ಒಣಗುವ ತನಕ ಅವಳು ಪಟ್ಟಿಯನ್ನು ಬೆರಳಿನಿಂದ ಒತ್ತಿ ಹಿಡಿದಳು. ಆಮೇಲೆ ಬಾಟಲಿಯನ್ನು ಟವೆಲಿನಲ್ಲಿ ಸುತ್ತುತ್ತ ಹೇಳಿದಳು: "ಒಂದು ಡೋಸ್ ಕುಡಿದಾಯ್ತು ಅಂತ ತಿಳ್ಕೋ."