ಚುಕ್ಕಿ ದಂಡಿನ ಕೊನೆಯ ಬಿಲ್ಲೆ

ಹಟ್ಟಿಯ ಗಣಿಯಲ್ಲಿ ಎಷ್ಟು ಚಿನ್ನ ತೆಗೆದರೆಂದು ಬರೆದಿಡಲು ಬೇಕಾದಷ್ಟು ಜನರಿದ್ದಾರೆ. ದೀಪದ ಕೋಣೆಯ ಬಾಲಪ್ಪನ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ. ಅದಕ್ಕೇ ಈ ಗೋಪಣ್ಣ, ಗಣಿಯೊಳಗೆ ಮರದ ಆಸರೆ ನಿಲ್ಲಿಸುತ್ತಿದ್ದವನು, ಕನ್ನಡಕ ಏರಿಸಿ ಕುಳಿತಿದ್ದೇನೆ. ಅವನಿಗೆ ನಾನೊಂದು ಅನ್ಯಾಯ ಮಾಡಿದ್ದೇನೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಬಾಲಪ್ಪ ಮಸ್ಕಿಯವನು. ಮೆತ್ತನೆಯ ಮಾತು, ಎಣ್ಣೆ ಹಚ್ಚಿ ಬಾಚಿದ ತಲೆ, ಯಾರ ಗೊಡವೆಗೂ ಹೋಗದ ಸ್ವಭಾವ. ಆದರೆ ದೀಪದ ಕೋಣೆಯೊಳಗೆ ಅವನು ನಿಜಾಮನಿಗಿಂತ ಒಂದು ಕೈ ಮೇಲು. ಪಾಳಿಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಿ ದೀಪ ಪಡೆಯಬೇಕು. ಮೇಲೆ ಬಂದ ಮೇಲೆ ದೀಪ ಕೊಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ಮೊಳೆಯಲ್ಲಿ ಒಂದು ಬಿಲ್ಲೆ ಉಳಿದರೂ ಒಬ್ಬ ಮನುಷ್ಯ ಇನ್ನೂ ಒಳಗಿದ್ದಾನೆಂದು ಅರ್ಥ. ಅದು ಇಳಿಯುವ ತನಕ ಬಾಲಪ್ಪ ಮನೆಗೆ ಹೋಗುವವನಲ್ಲ.

ಒಮ್ಮೆ ನರಸಣ್ಣನ ಬಿಲ್ಲೆ ಉಳಿಯಿತು. ಕೆಳಗೆಲ್ಲ ಹುಡುಕಿದೆವು. ಕೊನೆಗೆ ಯಾರೋ ಬಂದು, ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬಂದದ್ದೇ ತಡ, ಅವನು ದೀಪ ಸಮೇತ ಮುದಗಲ್ ಬಸ್ಸು ಹತ್ತಿದ ಎಂದರು.

“ಹಂಗಾರ ಬಿಲ್ಲಿ ತಗದು ಮನಿಗೆ ನಡಿಯಲೇ” ಎಂದೆ ನಾನು.

“ಅವ್ರು ಕಂಡಾರ. ನಾ ಕಂಡಿಲ್ಲಲ್ಲ?” ಎಂದ ಬಾಲಪ್ಪ.

ಮುಂದಿನ ಬಸ್ಸಿಗೆ ಮುದಗಲ್‌ಗೆ ಹೋದ. ನರಸಣ್ಣನನ್ನು ಕಣ್ಣಾರೆ ಕಂಡು, ಅವನ ತಾಯಿಯನ್ನು ಮಾತಾಡಿಸಿ, ದೀಪವನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಆಮೇಲೆಯೇ ಬಿಲ್ಲೆ ಇಳಿಯಿತು. ನಾವು ಹೊಟ್ಟೆ ಹಿಡಿದು ನಕ್ಕೆವು. ನಕ್ಕರೇನು, ಮರುದಿನ ಕೆಳಗಿಳಿಯುವಾಗ ಎಲ್ಲರ ಎದೆಯೂ ಹಗುರವಾಗಿತ್ತು.

ಈ ಬಾಲಪ್ಪನಿಗೆ ಓದಿನ ಹುಚ್ಚು. ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಶಾಲೆಗೆ ಹೋದವನು. ಮನೆಯ ಮಾತು ಕನ್ನಡ, ಓದು ಬರಹವೆಲ್ಲ ಉರ್ದು. ಹೈದರಾಬಾದಿನ ಒಂದು ಉರ್ದು ಮಾಸಪತ್ರಿಕೆಯಲ್ಲಿ ೧೯೫೦ರಿಂದ ಒಂದು ಕಥೆ ಕಂತು ಕಂತಾಗಿ ಬರುತ್ತಿತ್ತು. ಚುಕ್ಕಿಯಿಂದ ಚುಕ್ಕಿಗೆ ಹಾರುವ ಹಡಗುಗಳು, ಅವುಗಳ ತುಂಬ ಸಿಪಾಯಿಗಳು, ಆಕಾಶವನ್ನೆಲ್ಲ ಆಳಬೇಕೆಂಬ ಒಬ್ಬ ದುಷ್ಟ ಬಾದಶಹ, ಅವನ ಮೇಲೆ ದಂಡೆತ್ತಿ ಹೋಗುವ ಒಬ್ಬ ಸರದಾರ. ಬಸ್ಸಿನ ಡ್ರೈವರ್ ಹುಸೇನ್‌ಸಾಬ್ ತಿಂಗಳಿಗೊಮ್ಮೆ ಪತ್ರಿಕೆ ತಂದುಕೊಡುತ್ತಿದ್ದ. ರಜೆಯ ದಿನ ಮಧ್ಯಾಹ್ನ, ದೀಪದ ಕೋಣೆಯ ಮುಂದಿನ ಬೇವಿನ ನೆರಳಲ್ಲಿ ಬಾಲಪ್ಪ ಅದನ್ನು ಕನ್ನಡಕ್ಕೆ ತಿರುಗಿಸುತ್ತ ಓದುತ್ತಿದ್ದ. ನಾವು ಅದನ್ನು ‘ಚುಕ್ಕಿ ದಂಡು’ ಎಂದು ಕರೆಯುತ್ತಿದ್ದೆವು.

ಆ ಹಡಗುಗಳ ಹೊರಗೆ ಗಾಳಿಯಿಲ್ಲ, ಒಳಗಿನ ಗಾಳಿಯೇ ಆಧಾರ ಎಂದು ಬರೆದವನು ಎರಡು ಪುಟ ವಿವರಿಸಿದ್ದನಂತೆ. ನಮಗೆ ಅರ್ಧ ಸಾಲು ಸಾಕಾಯಿತು. ನೆಲದೊಳಗೆ ದುಡಿಯುವವರಿಗೆ ಗಾಳಿಯ ಪಾಠ ಬೇರೆ ಹೇಳಬೇಕೇ?

ಹಡಗುಗಳು ಬಹಳವಾದಾಗ ನಮಗೆ ಗೊಂದಲವಾಯಿತು. ಬಾಲಪ್ಪ ಅದಕ್ಕೂ ತನ್ನ ದಾರಿಯನ್ನೇ ಹಿಡಿದ. ಸವೆದು ಮೂಲೆಗೆ ಬಿದ್ದಿದ್ದ ಬಿಲ್ಲೆಗಳನ್ನು ತಂದು, ಒಂದೊಂದು ಹಡಗಿಗೆ ಒಂದೊಂದು ಬಿಲ್ಲೆ ಎಂದು ಬೇವಿನ ಮರಕ್ಕೆ ಒರಗಿಸಿದ ಹಳೆಯ ಹಲಗೆಗೆ ತೂಗಿಹಾಕಿದ. ಹಡಗು ದಂಡಿಗೆ ಮರಳಿದರೆ ಬಿಲ್ಲೆ ಅವನ ಅಂಗೈಗೆ. ಸುಟ್ಟುಹೋದರೆ ತಗಡಿನ ಡಬ್ಬಿಗೆ. ಡಬ್ಬಿಗೆ ಬೀಳುವಾಗ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು, ಯಾರೂ ಹೇಳದಿದ್ದರೂ.

ಯಾರಾದರೂ ಹೊಗಳಿದರೆ ಬಾಲಪ್ಪ ಒಂದೇ ಮಾತು ಹೇಳುತ್ತಿದ್ದ: “ನಂದೇನೂ ಇಲ್ರಿ ಇದರಾಗ. ಇದ್ದದ್ದು ಇದ್ದಂಗ ಓದಾಕತ್ತೀನಿ. ಒಂದು ಮಾತು ಕೂಡ್ಸಂಗಿಲ್ಲ, ಒಂದು ಮಾತು ಕಳೆಯಂಗಿಲ್ಲ.”

ಎಲ್ಲ ಹಡಗುಗಳಲ್ಲಿ ನಮಗೆ ಪ್ರಾಣವಾಗಿದ್ದದ್ದು ಹುದ್‌ಹುದ್ ಎಂಬ ಹಕ್ಕಿಯ ಹೆಸರು ಹೊತ್ತ ಚಿಕ್ಕ ಹಡಗು. ಅದರಲ್ಲಿ ಹನ್ನೊಂದೇ ಜನ. ಮೂರನೆಯ ವರ್ಷ ಸರದಾರ ಅವರನ್ನು ಬೆಳಕಿಲ್ಲದ ಒಂದು ಚುಕ್ಕಿಯ ಹತ್ತಿರ ಕಾವಲಿಗೆ ನಿಲ್ಲಿಸಿ, “ನಾನು ಬಂದು ಕರೆಯುವವರೆಗೆ ಜಾಗ ಬಿಡಬೇಡಿರಿ” ಎಂದು ಹೇಳಿ ಮುಂದೆ ಹೋದ. ಅವರು ಬಿಡಲಿಲ್ಲ.

೧೯೫೪ರಲ್ಲಿ ಕೊನೆಯ ಕಂತು ಬಂತು. ಅಂದು ಬೇವಿನ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಅದಿರು ಆರಿಸುವ ಕೆಲಸದ ಹುಸೇನಮ್ಮ ಒಂದು ಬುಟ್ಟಿ ಶೇಂಗಾ ಕುದಿಸಿ ತಂದಿದ್ದಳು. ಬಾದಶಹ ಸೋತ, ಶರಣಾದ. ಹಡಗುಗಳು ಒಂದೊಂದಾಗಿ ಮರಳಿದವು, ಬಿಲ್ಲೆಗಳು ಇಳಿದವು, ನಾವು ಕೂಗಿ ಗಂಟಲು ಹರಿದುಕೊಂಡೆವು. ಆಮೇಲೆ ಸರದಾರನ ಮದುವೆ. ಅದೇ ಏಳು ಪುಟ! ಮದುಮಗಳ ಜರತಾರಿ, ಅತ್ತರು, ಬಿರಿಯಾನಿ. ಕೊನೆಗೆ ಬಾಲಪ್ಪ “ಮುಗೀತು” ಎಂದು ಪತ್ರಿಕೆ ಮಡಚಿದ.

ಯಾರೂ ಏಳಲಿಲ್ಲ. ಹುಸೇನಮ್ಮ ಹಲಗೆಯ ಕಡೆ ಕೈ ತೋರಿಸಿದಳು.

“ಯಣ್ಣಾ, ಹುದ್‌ಹುದ್ ಬಿಲ್ಲಿ ಇನ್ನಾ ಮೊಳಿಗೇ ಐತಲ್ಲೋ?”

ಬಾಲಪ್ಪ ಹಾಳೆ ತಿರುಗಿಸಿ ನೋಡಿದ, ಮತ್ತೆ ನೋಡಿದ. “ಇಲ್ಲವ್ವಾ. ಅವ್ರ ಸುದ್ದೀನ ಬರದಿಲ್ಲ” ಎಂದ.

ನನ್ನ ಸಿಟ್ಟು ಮೂಗಿನ ತುದಿಯ ಸಿಟ್ಟು. “ಬರದಿಲ್ಲೋ, ನೀ ಹಾಳಿ ಹಾರಿಸಿದಿಯೋ? ನಮಗ ಉರ್ದು ಬರಂಗಿಲ್ಲಂತ ಆಟ ಹಚ್ಚಿಯೇನಲೇ?” ಎಂದೆ. ಅವನು ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟ. ನನಗೆ ಆಗ ಯಾವ ಅಕ್ಷರವೂ ಬರುತ್ತಿರಲಿಲ್ಲ. ಆ ಅವಮಾನಕ್ಕೆ ಇನ್ನೂ ಉರಿದು ಹೇಳಬಾರದ ಮಾತು ಹೇಳಿದೆ: “ಕಥಿಯೊಳಗ ಹನ್ನೊಂದು ಮಂದೀನ ಬಿಟ್ಟು ಬಂದವ, ನಾಳೆ ನಮ್ಮನ್ನ ಒಳಗ ಬಿಟ್ಟು ಮನಿಗೆ ಹೋಗಂಗಿಲ್ಲಂತ ಏನು ಭರೋಸ?”

ಬಾಲಪ್ಪನ ಮುಖದ ಬಣ್ಣ ಹೋಯಿತು. ಕದ್ದ ಎಂದಿದ್ದರೂ ಅವನು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಹಲಗೆಯನ್ನು ಎತ್ತಿಕೊಂಡು ಒಳಗೆ ಹೋಗಿ, ದೀಪದ ಕೋಣೆಯ ಗೋಡೆಗೆ ತೂಗಿಹಾಕಿದ.

ನನ್ನ ಮಾತಿಗೆ ಕಾಲು ಬಂದವು. ದೀಪ ಪಡೆಯಲು ಬಂದವರು, “ಬಾಲಣ್ಣಾ, ನನ್ನ ಬಿಲ್ಲಿ ಛಲೋ ನೋಡಿಕೊಳ್ಳಪಾ” ಎಂದು ಕಿಚಾಯಿಸತೊಡಗಿದರು. ತಮಾಷೆಗೆ ಶುರುವಾದದ್ದು, ಹದಿನೈದು ದಿನದಲ್ಲಿ ಅರ್ಧ ನಿಜವಾಯಿತು. ಇಬ್ಬರು ಮೂವರು ಮೊಳೆಗೆ ಬಿಲ್ಲೆ ಹಾಕಿದ ಮೇಲೆ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಹೋಗುತ್ತಿದ್ದರು. ಬಾಲಪ್ಪ ಮಾತ್ರ ಗೋಡೆಯ ಮೇಲಿನ ಹುದ್‌ಹುದ್ ಬಿಲ್ಲೆಯನ್ನು ದಿನಾ ಒರೆಸುತ್ತಿದ್ದ.

ಎರಡು ತಿಂಗಳ ಮೇಲೆ ಒಂದು ರಜೆಯ ದಿನ ಅವನೇ ಎಲ್ಲರನ್ನೂ ಬೇವಿನ ಕೆಳಗೆ ಕರೆದ. ಕೈಯಲ್ಲಿ ಒಂದು ಕಾರ್ಡು. ಕಥೆ ಬರೆದವನಿಗೇ ಕಾಗದ ಹಾಕಿದ್ದನಂತೆ, ಉತ್ತರ ಬಂದಿತ್ತು. ಅದನ್ನು ತಾನು ಓದಲಿಲ್ಲ. ಉರ್ದು ಬಲ್ಲ ಹುಸೇನ್‌ಸಾಬ್‌ನ ಕೈಗೆ ಕೊಟ್ಟು, “ನೀವ ಓದ್ರಿ ಸಾಬ್. ನಾ ಓದಿದ್ರ ಗೋಪಣ್ಣಗ ಅನುಮಾನ” ಎಂದ.

ಹುಸೇನ್‌ಸಾಬ್ ಓದಿ ಹೇಳಿದ: “ಜನಾಬ್ ಬಾಲಪ್ಪನವರೇ, ಹುದ್‌ಹುದ್ ಹಡಗನ್ನು ನಾನು ಮರೆತೆ. ಮುಗಿಸಿ ಎಂದು ಪತ್ರಿಕೆಯವರು ಅವಸರ ಮಾಡಿದರು, ಮುಗಿಸಿದೆ. ಇಷ್ಟು ದೊಡ್ಡ ಊರಿನಲ್ಲಿ ಒಬ್ಬರೂ ಆ ಹನ್ನೊಂದು ಜನ ಎಲ್ಲಿ ಎಂದು ಕೇಳಲಿಲ್ಲ. ನನಗೆ ನಾಚಿಕೆಯಾಗಿದೆ. ಅವರನ್ನು ಮರೆಯದವರು ನೀವು. ಅವರನ್ನು ಮನೆಗೆ ಕರೆತರುವ ಕೆಲಸವೂ ನಿಮ್ಮ ಕೈಯಿಂದಲೇ ಆಗಲಿ.”

ನಾನು ತಲೆ ಎತ್ತಲಿಲ್ಲ. ಹುಸೇನಮ್ಮ ಮಾತ್ರ ಬಿಡಲಿಲ್ಲ. “ಅಪ್ಪಣಿ ಆತಲ್ಲ ಯಣ್ಣಾ, ಇನ್ಯಾಕ ಕಾಯ್ತಿ? ಕರ್ಕೊಂಡು ಬಾ” ಎಂದಳು.

ಬಾಲಪ್ಪ ಒಳಗಿನಿಂದ ಹಲಗೆ ತಂದು ಮರಕ್ಕೆ ಒರಗಿಸಿದ. “ಮೊದಲ ಹೇಳ್ತೀನಿ, ಇದು ಪತ್ರಿಕಿಯೊಳಗ ಇಲ್ಲ. ಇದು ನಂದು” ಎಂದ. ನಾಲ್ಕು ವರ್ಷದಲ್ಲಿ ಮೊದಲ ಸಲ ಕೈಯಲ್ಲಿ ಕಾಗದವಿಲ್ಲದೆ ನಿಂತಿದ್ದ.

ಸರದಾರನ ಮದುವೆಯ ಊಟ ನಡೆದಿದೆಯಂತೆ. ದಂಡಿನ ದೀಪದ ಕೋಣೆಯ ಮುದುಕ ಮಾತ್ರ ಊಟಕ್ಕೆ ಬಂದಿಲ್ಲ. ಸರದಾರ ಹೇಳಿಕಳಿಸಿದರೆ, “ಹನ್ನೊಂದು ದೀಪ ಹೊರಗ ಅದಾವ, ಹೆಂಗ ಉಣ್ಲಿ?” ಎಂದನಂತೆ. ಸರದಾರ ಮದುವೆಯ ಪೇಟವನ್ನು ತೆಗೆದಿಟ್ಟು, ಅದೇ ಉಡುಪಿನಲ್ಲಿ ತಾನೇ ಹಡಗು ನಡೆಸಿಕೊಂಡು ಆ ಕತ್ತಲೆಯ ಚುಕ್ಕಿಗೆ ಹೋದ. ಹುದ್‌ಹುದ್ ಇಟ್ಟ ಜಾಗದಲ್ಲೇ ಇತ್ತು, ಒಳಗೆ ಇನ್ನೂ ಸ್ವಲ್ಪ ಗಾಳಿ ಇತ್ತು. ಅವನು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ.

ಇಲ್ಲಿ ಬಾಲಪ್ಪ ಕಥೆ ನಿಲ್ಲಿಸಿದ. ಬರೆದವನು ಆ ಹನ್ನೊಂದು ಜನಕ್ಕೆ ಹೆಸರನ್ನೇ ಇಟ್ಟಿರಲಿಲ್ಲ. ಬಾಲಪ್ಪ ನಮ್ಮ ಮುಖಗಳನ್ನು ನೋಡುತ್ತ ಕರೆಯತೊಡಗಿದ. “ನರಸಣ್ಣ” ಎಂದ. ಮುದಗಲ್ ಬಸ್ಸಿನ ನರಸಣ್ಣ “ಬಂದೆ” ಎಂದು ಎದ್ದು ನಿಂತ. ಒಬ್ಬೊಬ್ಬರಾಗಿ ಹತ್ತು ಜನ ಎದ್ದರು. ಹನ್ನೊಂದನೆಯದಕ್ಕೆ ಅವನು ನನ್ನ ಕಡೆ ತಿರುಗಿದ.

“ಎಲ್ಲಾರನ್ನೂ ಹೊರಗ ಕಳಿಸಿ ಕಡೀಕ ಬಂದವ, ಭಾಳ ಸಿಟ್ಟಿನ ಮನಷ್ಯಾ. ಗೋಪಣ್ಣ.”

ನಾನೂ ಎದ್ದು ನಿಂತೆ. ನಾನು ಅವನನ್ನು ನಂಬದಿದ್ದರೂ ಅವನು ನನ್ನನ್ನು ಒಳಗೇ ಬಿಟ್ಟು ಹೋಗಿರಲಿಲ್ಲ.

“ಬಿಲ್ಲಿ ತಗೊಳಪಾ” ಎಂದ.

ನಾನು ಬಿಲ್ಲೆಯನ್ನು ಮೊಳೆಯಿಂದ ಇಳಿಸಿ ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನು ತಿರುಗಿಸಿ ನನ್ನ ಅಂಗೈಗೇ ಇಟ್ಟ. ಈ ಸಾಲು ಬರೆಯುವಾಗಲೂ ಅದು ನನ್ನ ಮೇಜಿನ ಮೇಲಿದೆ. ಅಕ್ಷರ ಕಲಿತದ್ದು ಅದರ ಋಣಕ್ಕೆ. ಇಂಥವನ ಜೊತೆ ದುಡಿದೆನೆಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ಅಂದು ಬಾಲಪ್ಪ ಹಲಗೆಯ ಖಾಲಿ ಮೊಳೆಗಳ ಮೇಲೆ ಒಮ್ಮೆ ಕೈಯಾಡಿಸಿ ನೋಡಿದ. ದೀಪದ ಕೋಣೆಗೆ ಬೀಗ ಹಾಕಿ ಮನೆಗೆ ಹೋದ.