ಮೂರು ವಾರಕ್ಕೊಮ್ಮೆ ಮುದುಡುತ್ತಿದ್ದ ಎಲೆ

ಭೀಮಸೇನ ಅಂಕಲ್‌ಗೆ ಗಿಡದ ಫೋಟೋ ಕಳಿಸಿದರೆ ಮೊದಲು ಬೈಗುಳ ಬರುತ್ತದೆ, ಆಮೇಲೆ ಔಷಧಿ. ನನಗೂ ಹಾಗೇ ಆಗಿತ್ತು. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ಗೆ ಬಂದ ಹೊಸದರಲ್ಲಿ ನನ್ನ ಕರಿಬೇವಿನ ಎಲೆ ಹಳದಿಯಾಗಿ ಸುರುಳಿ ಸುತ್ತಿಕೊಂಡಾಗ ಪಕ್ಕದ ಮನೆಯವರಲ್ಲವೇ ಎಂದು ಕರೆದೆ. ಕುಂಡಕ್ಕೆ ಬೆರಳು ಚುಚ್ಚಿ ನೋಡಿ, "ಗಿಡಕ್ಕ ನೀರು ಹಾಕೀರೋ, ಈಜು ಕಲಸ್ಲಿಕ್ಕೆ ಹತ್ತೀರೋ?" ಎಂದರು. ಮೈಸೂರಿನವಳಾದ ನನಗೆ ಆ ಧಾರವಾಡದ ಏಟು ಅರಗಲು ಎರಡು ದಿನ ಬೇಕಾಯಿತು. ಗಿಡ ಮಾತ್ರ ಬದುಕಿತು.

ಅಂಕಲ್‌ಗೆ ಈಗ ಅರವತ್ತೆಂಟು. ಧಾರವಾಡದ ಕೃಷಿ ಕಾಲೇಜಿನಲ್ಲಿ ಗಿಡಗಳ ರೋಗ ನೋಡುವ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಮಗಳು ಮೇಧಾಳ ಮನೆಗೆ ಬಂದು ಸುಮ್ಮನೆ ಕೂರಲಾಗದೆ, ನಮ್ಮ "ಟೆಕ್ಸಸ್ ಹಿತ್ತಲು" ವಾಟ್ಸಾಪ್ ಗ್ರೂಪಿಗೆ ಡಾಕ್ಟರಾದರು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸೇರಿ ಇನ್ನೂರ ಹನ್ನೆರಡು ಮಂದಿ. ಯಾರು ಏನೇ ಕೇಳಲಿ, ಅವರದು ಮೂರೇ ಪ್ರಶ್ನೆ: ನೀರು ಯಾವಾಗ ಹಾಕಿದಿರಿ, ಎಲೆಯ ಅಡಿಯಲ್ಲಿ ಏನಿದೆ, ತಿಕ್ಕಿದರೆ ಯಾವ ವಾಸನೆ. ತಿನ್ನುವ ಸೊಪ್ಪಾದರೆ ನಾಲ್ಕನೆಯದೂ ಉಂಟು. ಒಂದೆಲೆ ಬಾಯಿಗೆ ಹಾಕಿಕೊಂಡು ರುಚಿ ಹೇಳಬೇಕು. ಹೇಳದವರಿಗೆ ಉತ್ತರವೇ ಇಲ್ಲ. ಸರ್ಕಾರಿ ಕಚೇರಿಯ ಈ ಗತ್ತು ಕಂಡು ನಾನು ಎಷ್ಟೋ ಸಲ ನಕ್ಕಿದ್ದೇನೆ.

ಕಳೆದ ವರ್ಷ ಜೂನ್‌ನಲ್ಲಿ ಹ್ಯೂಸ್ಟನ್ ಬಳಿಯ ಸೈಪ್ರೆಸ್‌ನ ಕುಮುದಾ ಫೋಟೋ ಕಳಿಸಿದರು. ಗದಗಿನವರು, ಐವತ್ತರ ಹತ್ತಿರದ ವಯಸ್ಸು. ಗಂಡ ಪ್ರಭಂಜನ ಸೋಮವಾರ ಬೆಳಿಗ್ಗೆ ಕೆಲಸಕ್ಕೆಂದು ಡಲ್ಲಾಸ್‌ಗೆ ಹೋದರೆ ಗುರುವಾರ ಸಂಜೆ ಮನೆಗೆ. ಹನ್ನೆರಡು ವರ್ಷದಿಂದ ಗ್ರೀನ್ ಕಾರ್ಡಿಗೆ ಕಾಯುತ್ತಿರುವ, ಕೆಂಪು ದೀಪ ದಾಟಲೂ ಹೆದರುವ ಮನೆ ಅದು. "ಕಾಕಾ, ನಮ್ಮ ಪುಂಡಿ ಎಲಿ ಮುದುಡಾವ್ರಿ, ಏನ್ ಮಾಡ್ಲಿ?" ಎಂದು ಬರೆದಿದ್ದರು. ಫೋಟೋದಲ್ಲಿ ಬೆರಳು ಚಾಚಿದಂಥ, ಅಂಚು ಗರಗಸದಂತಿದ್ದ ಎರಡೇ ಎಲೆ.

ಪುಂಡಿ ಎಂದರೆ ಉತ್ತರ ಕರ್ನಾಟಕದವರ ಹುಳಿ ಸೊಪ್ಪು. ಜೋಳದ ರೊಟ್ಟಿಗೆ ಪುಂಡಿ ಪಲ್ಯ ಇದ್ದರೆ ಅಂಕಲ್ ಮಾತು ನಿಲ್ಲಿಸುತ್ತಾರೆ. ಗ್ರೂಪಿನಲ್ಲಿ ಮೊದಲ ಬಾರಿಗೆ ಪುಂಡಿ ಕಂಡ ಖುಷಿಯಲ್ಲಿ ಅವತ್ತು ಬೈಯುವುದನ್ನೂ ಮರೆತರು. "ಹುಳಿ ಅದ ಏನ್ರಿ?" ಎಂದು ಕೇಳಿದರು. "ಭಾಳ ಹುಳಿ ಅದರಿ ಕಾಕಾ" ಎಂದು ಉತ್ತರ ಬಂತು. ಗದಗಿನ ಹೆಣ್ಣುಮಗಳಿಗೆ ಪುಂಡಿ ಗುರುತು ಕೇಳುವುದೆಂದರೆ ಅವಮಾನ ಮಾಡಿದಂತೆ ಎಂದುಕೊಂಡು, ನೀರು ಯಾವಾಗ ಹಾಕಿದಿರಿ, ತಿಕ್ಕಿದರೆ ಯಾವ ವಾಸನೆ ಎಂಬುದನ್ನೆಲ್ಲ ಕೇಳಲೇ ಇಲ್ಲ. ಜೀವನದಲ್ಲಿ ಒಂದೇ ಸಲ ತಮ್ಮ ನಿಯಮ ತಾವೇ ಮುರಿದರು.

ಅಂಚು ಮೇಲಕ್ಕೆ ಮಡಚಿದೆ, ಬಿಸಿಲಿನ ತಾಪ, ಮಧ್ಯಾಹ್ನ ನೆರಳು ಬಟ್ಟೆ ಕಟ್ಟಿ ಎಂದರು. ವಾರದಲ್ಲಿ ಎಲೆ ಬಿಚ್ಚಿಕೊಂಡಿತು. ಅಂಕಲ್ ಮೀಸೆ ತಿರುವಿದರು. ಜುಲೈನಲ್ಲಿ ಮತ್ತೆ ಮುದುಡಿತು. ಕಣ್ಣಿಗೆ ಕಾಣದ ನುಸಿ ಇರಬೇಕು, ಬೇವಿನೆಣ್ಣೆ ಹೊಡೆಯಿರಿ ಎಂದರು. ಸರಿಹೋಯಿತು. ತಿಂಗಳ ಕೊನೆಗೆ ಮತ್ತೆ ಮುದುಡಿದಾಗ ಗೊಬ್ಬರ ಜಾಸ್ತಿಯಾಗಿದೆ, ನಿಲ್ಲಿಸಿ ಎಂದರು. ಆಗಲೂ ಸರಿಹೋಗಿ ಆಗಸ್ಟ್‌ನಲ್ಲಿ ಮತ್ತೆ ಅದೇ ಫೋಟೋ. ಅಂಕಲ್‌ಗೆ ಅನ್ನ ಸೇರದಾಯಿತು. ಇಂಡಿಯನ್ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಹಿಡಿದು ನಮ್ಮ ಮನೆಗೆ ಬಂದರು. ಜೂನ್ ಹದಿನೇಳು, ಜುಲೈ ಎಂಟು, ಜುಲೈ ಇಪ್ಪತ್ತೊಂಬತ್ತು, ಆಗಸ್ಟ್ ಹತ್ತೊಂಬತ್ತು, ಎಲ್ಲಕ್ಕೂ ಕೆಂಪು ಗೆರೆ.

"ನೋಡವಾ ಉಷಾ, ಎಲ್ಲಾ ಮಂಗಳವಾರ. ಮೂರು ಮೂರು ವಾರಕ್ಕ ಬರೋಬ್ಬರಿ. ಯಾವ ಹುಳಕ್ಕ ಕ್ಯಾಲೆಂಡರ್ ಓದ್ಲಿಕ್ಕೆ ಬರ್ತದ?"

"ಹ್ಯೂಸ್ಟನ್ ಹುಳ ಅಂಕಲ್, ಓದಿಕೊಂಡಿರುತ್ತೆ" ಎಂದೆ. ಅವರು ನಗಲಿಲ್ಲ.

ಸೆಪ್ಟೆಂಬರ್ ಒಂಬತ್ತು, ಮಂಗಳವಾರ, ಅವರು ಹೇಳಿದಂತೆಯೇ ಫೋಟೋ ಬಂತು. ಅಂಕಲ್‌ಗೆ ಹೈವೇ ಡ್ರೈವಿಂಗ್ ಭಯ. ಹಾಗಾಗಿ ಬುಧವಾರ ನಾನು ರಜೆ ಹಾಕಿ ಕಾರು ತೆಗೆದೆ. ಫೋನ್ ಮಾಡಿ ಹೋಗೋಣ ಎಂದರೆ ಕೇಳಲಿಲ್ಲ. ಹೇಳಿ ಹೋದರೆ ಎಲ್ಲರೂ ತೋಟ ಸಿಂಗರಿಸಿಡುತ್ತಾರೆ, ರೋಗ ಸಿಗುವುದಿಲ್ಲ ಎಂಬುದು ಅವರ ಇಲಾಖೆಯ ಅನುಭವ. ಒಬ್ಬರ ಮನೆಗೆ ದಾಳಿ ಮಾಡಲು ಹೊರಟಂತಿದೆಯಲ್ಲ ಎಂದು ನನಗೆ ದಾರಿಯುದ್ದಕ್ಕೂ ನಾಚಿಕೆ.

ಮೂರು ಸಲ ಬೆಲ್ ಒತ್ತಿದ ಮೇಲೆ ಕುಮುದಾ ಬಾಗಿಲು ತೆರೆದರು. ತಲೆಗೆ ಸ್ಕಾರ್ಫ್, ಆ ಸೆಕೆಯಲ್ಲೂ ಸ್ವೆಟರ್. ನಮ್ಮನ್ನು ಕಂಡು ಅವರ ಬಾಯಿ ತೆರೆದದ್ದು ತೆರೆದೇ ಇತ್ತು. "ಕಾಕಾ... ಹೇಳದ ಬಂದ್ರಲ್ರಿ..." ಎನ್ನುವಷ್ಟರಲ್ಲಿ ಅಂಕಲ್ ಪಕ್ಕದ ಗೇಟು ತೆಗೆದು ಹಿತ್ತಲು ಸೇರಿಯಾಗಿತ್ತು. ನಾನೂ ಹಿಂದೆಯೇ ಓಡಿದೆ.

ಶೆಡ್ಡಿನ ಹಿಂದೆ, ಬೇಲಿಯ ಮೂಲೆಯಲ್ಲಿ, ಆಳೆತ್ತರದ ನಾಲ್ಕು ಗಿಡ. ಹತ್ತು ಹೆಜ್ಜೆ ದೂರದಲ್ಲೇ ಅಂಕಲ್ ಗಕ್ಕನೆ ನಿಂತರು. ಸ್ಕಂಕ್ ಎಂಬ ನಾರುವ ಪ್ರಾಣಿ ಓಡಾಡಿದಂಥ ಘಾಟು ನನ್ನ ಮೂಗಿಗೂ ಬಡಿಯಿತು. ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದರು.

"ಹುಳಿ ಇಲ್ಲ" ಎಂದು ಉಗಿದರು. "ಉಷಾ, ಇದು ಗಾಂಜಾ. ಎಲಿ ನೋಡ್ಲಿಕ್ಕೆ ಪುಂಡಿ ಹಂಗ ಇರ್ತದ."

ಧಾರವಾಡದಲ್ಲಿದ್ದಾಗ ಹತ್ತಿ ಹೊಲಗಳ ನಡುವೆ ಕದ್ದು ಬೆಳೆದ ಗಾಂಜಾ ಗುರುತಿಸಲು ಅಬಕಾರಿಯವರು ಕರೆದೊಯ್ಯುತ್ತಿದ್ದದ್ದು ಇದೇ ಮನುಷ್ಯನನ್ನು. ಆ ಮನುಷ್ಯ ಇಡೀ ಬೇಸಿಗೆ ಇನ್ನೂರು ಜನರೆದುರು, ತನ್ನ ಹೆಸರಿನಲ್ಲಿ, ಗಾಂಜಾ ಗಿಡಕ್ಕೆ ಆರೈಕೆ ಹೇಳಿಕೊಟ್ಟಿದ್ದಾರೆ. ಇದು ಟೆಕ್ಸಸ್, ಇಲ್ಲಿ ಗಾಂಜಾ ಬೆಳೆಯುವುದು ಅಪರಾಧ. ಒಬ್ಬ ಪೊಲೀಸ್ ಬೇಲಿಯೊಳಗೆ ಇಣುಕಿದರೆ ಹನ್ನೆರಡು ವರ್ಷದ ಕಾಯುವಿಕೆ ಮಣ್ಣುಪಾಲು, ಗಂಡ ಹೆಂಡತಿ ಊರಿಗೆ ಗಡೀಪಾರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ಹೊಳೆದದ್ದು ಮಾತ್ರ ನನ್ನ ಕಾರು ಅವರ ಮನೆ ಮುಂದೆ ನಿಂತಿದೆಯಲ್ಲ ಎಂಬುದು.

ಹಿಂಬಾಗಿಲಲ್ಲಿ ಚೌಕಟ್ಟು ಹಿಡಿದು ಕುಮುದಾ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. "ನಿಮಗೇನು ತಲೆ ಕೆಟ್ಟಿದೆಯೇನ್ರೀ? ಇಂಥಾ ವಯಸ್ಸಾದವರನ್ನ ಇದಕ್ಕೆ ಎಳೆದಿರಲ್ಲ, ಪುಂಡಿ ಅಂತ ಸುಳ್ಳು ಹೇಳಿ!" ಎಂದು ಕೂಗಾಡಿದೆ. ಅವರು ಬಗ್ಗಿ, ಮೆಟ್ಟಿಲ ಪಕ್ಕದ ಬಕೆಟ್ ಎಳೆದುಕೊಂಡು ವಾಂತಿ ಮಾಡಿಕೊಂಡರು. ಸ್ಕಾರ್ಫ್ ಜಾರಿ ಬಿತ್ತು. ತಲೆಯಲ್ಲಿ ಒಂದು ಕೂದಲಿರಲಿಲ್ಲ.

ಅಂಕಲ್ ಅಭ್ಯಾಸಬಲದಿಂದ ಮಣ್ಣಿಗೆ ಬೆರಳಿಟ್ಟಿದ್ದರು. ಎರಡು ಗೆಣ್ಣು ಆಳದವರೆಗೆ ಬರೀ ಧೂಳು. ಬೆರಳು ಹಾಗೇ ಇಟ್ಟುಕೊಂಡು ತಲೆಯೆತ್ತಿ ಅವರನ್ನು ನೋಡಿದರು.

"ನೀರು ಹಾಕಿ ಎಷ್ಟು ದಿನಾ ಆತವಾ?"

"ಶುಕ್ರವಾರದಿಂದ ಏಳ್ಲಿಕ್ಕೇ ಆಗಿಲ್ಲ ಕಾಕಾ."

"ಮೂರು ವಾರಕ್ಕೊಮ್ಮೆ?"

"ಹೂಂ. ಮೂರು ವಾರಕ್ಕೊಮ್ಮೆ ಕೀಮೋ."

ಅಂಕಲ್ ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟರು. ನಾನು ಹೋಗಿ ಕುಮುದಾರನ್ನು ಹಿಡಿದುಕೊಂಡೆ. ಸ್ವೆಟರಿನೊಳಗೆ ಮೂಳೆಯಷ್ಟೇ ಸಿಕ್ಕಿತು. ಇಂಥವರ ಮೇಲೆ ಕೂಗಾಡಿದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಒಳಗೆ ಕೂರಿಸಿದ ಮೇಲೆ ಒಂದೊಂದೇ ಹೇಳಿದರು. ಎದೆಯಲ್ಲಿ ಗಂಟು ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಗಂಡನಿಗಷ್ಟೇ ಗೊತ್ತು. ಗ್ರೂಪಿಗೆ ತಿಳಿದರೆ ಗದಗಿನಲ್ಲಿರುವ ತಾಯಿಗೆ ಸಂಜೆಯೊಳಗೆ ಮುಟ್ಟುತ್ತದೆ. ಕೀಮೋ ಮಾಡಿಸಿಕೊಳ್ಳುವಾಗ ಪಕ್ಕದ ಕುರ್ಚಿಯವಳು ವಾಂತಿಗೆ ಒಳ್ಳೆಯದು ಎಂದು ಸಸಿ ಕೊಟ್ಟಿದ್ದಳು. ಗಂಡನಿಗೂ ಪುಂಡಿ ಎಂದೇ ಹೇಳಿದ್ದರು, ಅವರು ಶೆಡ್ಡಿನ ಹಿಂದಕ್ಕೆ ಕಾಲಿಟ್ಟವರೇ ಅಲ್ಲ.

"ಉಪಯೋಗ ಆತೇನು?" ಅಂಕಲ್ ಮೆಲ್ಲಗೆ ಕೇಳಿದರು.

"ಒಂದ್ ಎಲಿನೂ ಮುಟ್ಟಿಲ್ರಿ. ಧೈರ್ಯ ಆಗ್ಲಿಲ್ಲ. ಆದ್ರ ಅದು ಬಾಡಿದ್ರ ನಾನೂ ಹೋಗ್ತೀನಿ ಅನಿಸ್ತಿತ್ತು. ಅದಕ್ಕ ನಿಮಗ ಕೇಳ್ತಿದ್ದೆ."

"ವಾಂತಿ ಗುಳಿಗಿ ನಾಟಂಗಿಲ್ಲ ಅಂತ ಡಾಕ್ಟರ್‌ಗೆ ಹೇಳೀರೋ ಇಲ್ಲೋ?"

ಕುಮುದಾ ತಲೆ ತಗ್ಗಿಸಿದರು. ಹೇಗಿದ್ದೀರಿ ಎಂದು ಡಾಕ್ಟರ್ ಕೇಳಿದಾಗಲೆಲ್ಲ ಫೈನ್ ಎನ್ನುತ್ತಿದ್ದರಂತೆ. ಆಗ ಬಂತು ನೋಡಿ ಅಂಕಲ್‌ಗೆ ಕೋಪ. "ನನಗ ಹುಳಿ ಅಂತೀರಿ, ಅವರಿಗೆ ಫೈನ್ ಅಂತೀರಿ! ನೀವು ನಿಜ ಹೇಳದ ಯಾರು ಏನು ಔಷಧ ಕೊಡಬೇಕ್ರಿ?" ಎನ್ನುತ್ತ ಕಣ್ಣೊರೆಸಿಕೊಂಡರು. ಎದುರಿಗೆ ಕೂತು ಆಸ್ಪತ್ರೆಗೆ ಫೋನ್ ಮಾಡಿಸಿದರು. ಅಂದೇ ನರ್ಸ್ ಬೇರೆ ಗುಳಿಗೆ ಬರೆಸಿಕೊಟ್ಟಳು.

ಆಮೇಲೆ ಅಂಕಲ್ ನಾಲ್ಕೂ ಗಿಡ ಬುಡಸಮೇತ ಕಿತ್ತು, ತುಂಡು ಮಾಡಿ ಅಲ್ಲೇ ಆಳವಾಗಿ ಹೂತರು. ನಾನು ಗೇಟಿನಲ್ಲಿ ಕಾವಲು ನಿಂತಿದ್ದೆ. ಪುಂಡಿಗೆ ಬೇರು ಕೊಳೆತಿತ್ತು, ತೆಗೆಸಿದೆ ಎಂದು ಗ್ರೂಪಿನಲ್ಲಿ ಹಾಕಿದರು. ನನಗೆ ತಿಳಿದಂತೆ ಅವರು ಗಿಡದ ವಿಷಯದಲ್ಲಿ ಹೇಳಿದ ಒಂದೇ ಸುಳ್ಳು ಅದು.

ಅಕ್ಟೋಬರ್‌ನಲ್ಲಿ ಕೀಮೋ ಮುಗಿಯಿತು. ಈ ಏಪ್ರಿಲ್‌ನಲ್ಲಿ ಅಂಕಲ್ ನಿಜವಾದ ಪುಂಡಿ ಬೀಜ ಕೊಟ್ಟರು. ಕುಮುದಾ ಅದೇ ಮೂಲೆಯಲ್ಲಿ ಬಿತ್ತಿದರು. ಭಾನುವಾರಕ್ಕೊಂದು ಫೋಟೋ, ಕೆಳಗೆ ತಪ್ಪದೆ "ಅಗಿದು ನೋಡೇನಿ, ಹುಳಿ ಅದ". ಒಂದು ಫೋಟೋದಲ್ಲಿ ಗಿಡದ ಪಕ್ಕ ಅವರೂ ಇದ್ದರು, ಹುಡುಗರ ಹಾಗೆ ಗಿಡ್ಡ ಕೂದಲು.

ಮೊನ್ನೆ ಮಂಗಳವಾರ ಬೆಳಿಗ್ಗೆ ನಾನು ತಿಂಡಿ ಮಾಡುತ್ತಿದ್ದಾಗ ಅಂಕಲ್ ಬಂದು ಫೋನ್ ನನ್ನ ಮುಂದೆ ಹಿಡಿದರು. ಕುಮುದಾ ಕಳಿಸಿದ ಫೋಟೋದಲ್ಲಿ ಪುಂಡಿ ಎಲೆ ಮುದುಡಿ ಜೋತಿತ್ತು, ಕೆಳಗಿನ ಮಣ್ಣು ಬಿರಿದಿತ್ತು. ಒಂದಕ್ಷರ ಬರೆದಿರಲಿಲ್ಲ.

"ಬಿಸಿಲು ಅಂಕಲ್, ಹ್ಯೂಸ್ಟನ್ ಅಲ್ವಾ" ಎಂದೆ. ನನ್ನ ದನಿ ನನಗೇ ನಂಬಿಕೆ ಬರುವಂತಿರಲಿಲ್ಲ.

"ಮಣ್ಣಿಗೆ ನೀರು ಬಿದ್ದಿಲ್ಲ, ಗಾಡಿ ತಗಿಯವಾ" ಎಂದರು.

ಸೈಪ್ರೆಸ್ ತಲುಪುವವರೆಗೂ ಆ ಫೋಟೋ ನೋಡುತ್ತಲೇ ಇದ್ದರು. ಒಮ್ಮೆಯೂ ಬೈಯಲಿಲ್ಲ.