ಫೋರ್ ಬೈ ಫೋರ್, ಬೈ ಟು ಕಾಫಿ

ಇವತ್ತು ಬೆಳಿಗ್ಗೆ ಗಾಂಧಿ ಬಜಾರಿನ ಹೋಟೆಲಿನಲ್ಲಿ ಟೋಕನ್‌ಗೆ ನಿಂತಿದ್ದೆ. ಮುಂದಿದ್ದವರು "ಒಂದು ಬೈ ಟು ಕಾಫಿ" ಅಂದದ್ದೇ ನನಗೆ ನಗು ಬಂತು. ಒಂದು ಕಾಫಿಯನ್ನು ಇಬ್ಬರು ಎರಡು ಲೋಟದಲ್ಲಿ ಹಂಚಿಕೊಂಡರೆ ಅದರಲ್ಲಿ ನಗುವಂಥದ್ದೇನು ಎನ್ನುತ್ತೀರಿ. ನಮ್ಮ ದೊಡ್ಡಮ್ಮನನ್ನು ಬಲ್ಲವರಾಗಿದ್ದರೆ ನೀವೂ ನಗುತ್ತಿದ್ದಿರಿ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಜೋರು. ಮಂಡಿ ಕೈಕೊಟ್ಟ ಮೇಲೆ ಅವರು ಬೆಟ್ಟದ ಮೇಲಿನ ಮನೆದೇವರಿಗೆ ಹೋಗುವುದು ನಿಂತಿತ್ತು. ಎಣ್ಣೆ, ಬತ್ತಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಕಳಿಸಿದ ದಿನವೆಲ್ಲ ಮಂಕಾಗಿರುತ್ತಿದ್ದರು. "ಒಂದ್ಸಲ ನನ್ನ ಕೈಯಾರೆ ದೀಪ ಹಚ್ಬೇಕು ಕಣೋ" ಎನ್ನುವರು. ದಾರಿಯೋ, ಬರೀ ಕಲ್ಲು, ಕೊರಕಲು. ನಮ್ಮ ಪುಟ್ಟ ಕಾರು ಬುಡದಲ್ಲೇ ನಿಂತುಬಿಡುತ್ತಿತ್ತು.

ಹಳೆಯದಾದರೂ ಸರಿ, ಫೋರ್ ಬೈ ಫೋರ್ ಗಾಡಿಯೇ ಆಗಬೇಕೆಂದು ನಾನೂ ಅಕ್ಕನ ಗಂಡ ಭಾವನೂ ಹುಡುಕಿ, ಎರಡನ್ನು ಗೊತ್ತುಮಾಡಿದೆವು. ನನ್ನದು ಹಸಿರು ಗಾಡಿಯ ಪಕ್ಷ: ಎತ್ತರ, ಗಟ್ಟಿ, ಎಂಥ ಕಲ್ಲಿಗೂ ಹೊಟ್ಟೆ ತಾಗದು. ಭಾವನದು ಬಿಳಿಯದರ ಪಕ್ಷ: ಅಗಲ ಬಾಗಿಲು, ತಗ್ಗು ಮೆಟ್ಟಿಲು, ಸೋಫಾದಂಥ ಹಿಂದಿನ ಸೀಟು. ತಿಂಗಳುಗಟ್ಟಲೆ ಬೈ ಟು ಕುಡಿಯುತ್ತ ವಾದ ಮಾಡಿದೆವು. ನಾನು ಬೆಟ್ಟ ಹತ್ತಿಸುವ ಮಾತಾಡಿದರೆ, ಅವರು ಮನುಷ್ಯರನ್ನು ಹತ್ತಿಸುವ ಮಾತಾಡುತ್ತಿದ್ದರು. ಅದುವರೆಗೆ ನಾನು ಹತ್ತಿಸಿದ್ದ ಅತಿ ದೊಡ್ಡ ಏರು ಊರೊಳಗಿನ ಬುಲ್ ಟೆಂಪಲ್ ರಸ್ತೆಯದು ಎಂಬುದು ಬೇರೆ ಮಾತು.

"ಅದೇನೋ ಫೋರ್ ಬೈ ಫೋರು?" ಎಂದು ಒಂದು ದಿನ ದೊಡ್ಡಮ್ಮ ಕೇಳಿದರು.

"ನಾಲ್ಕು ಚಕ್ರಕ್ಕೂ ಇಂಜಿನ್ ಶಕ್ತಿ ಹೋಗುತ್ತೆ ದೊಡ್ಡಮ್ಮ. ಊರೊಳಗೆ ಅಷ್ಟು ಬೇಡ ಅಂದ್ರೆ, ಲಿವರ್ ಇದೆ, ಎರಡಕ್ಕೇ ಬಿಡಬಹುದು."

"ಓ, ಅದು ಬೈ ಟು" ಎಂದು ತೀರ್ಮಾನ ಕೊಟ್ಟರು.

ಹಸಿರು ಗಾಡಿಯನ್ನು ನೋಡಲೆಂದು ಮನೆಮುಂದೆ ತರಿಸಿದ ದಿನ ದೊಡ್ಡಮ್ಮ ಒಂದು ಕಾಲನ್ನು ಮೇಲಿಟ್ಟರು. ಇನ್ನೊಂದು ಮೇಲೇಳಲಿಲ್ಲ, ಮೊದಲನೆಯದು ಕೆಳಗಿಳಿಯಲಿಲ್ಲ. "ಇಳಿಸ್ರೋ, ಬೀದಿಯೆಲ್ಲ ನೋಡ್ತಿದೆ!" ಬಿಳಿ ಗಾಡಿ ಗೆದ್ದಿತು. ನಾನು ಮುಖ ಊದಿಸಿಕೊಂಡು ಓಡಾಡಿದೆ.

ಮೊದಲ ಸಲ ಹೋದಾಗ, ಬೆಟ್ಟದ ಅರ್ಧದಲ್ಲಿ ಆ ಬಿಳಿ ಗಾಡಿ ಹಿಂದಿನ ಚಕ್ರ ಗಿರಗಿರ ತಿರುಗಿಸುತ್ತ ನಿಂತಿತು. ಓಡಿಸುತ್ತಿದ್ದವನು ನಾನೇ. ಹೇಳಲು ನಾಚಿಕೆ, ಒಳಗೊಳಗೇ ಖುಷಿಯಾಯಿತು. "ನೋಡಿದ್ರಾ ಭಾವ, ಹಸಿರಾಗಿದ್ರೆ..." ಎನ್ನುವಷ್ಟರಲ್ಲಿ ಹಿಂದಿನ ಸೀಟಿನಿಂದ ದೊಡ್ಡಮ್ಮ ಕೂಗಿದರು: "ಲೋ, ಬೈ ಟುನಲ್ಲೇ ಇದ್ಯೇನೋ? ಫುಲ್ ಹಾಕೋ!"

ಲಿವರ್ ನೋಡಿದೆ. ಚಾಮರಾಜಪೇಟೆಯಿಂದ ಅಲ್ಲಿಯವರೆಗೂ ಬೈ ಟುನಲ್ಲೇ ಬಂದಿದ್ದೆ. ಎಳೆದೆ; ಗಾಡಿ ಗುರುಗುಟ್ಟಿ ಸಲೀಸಾಗಿ ಹತ್ತಿತು. ಮೇಲೆ ದೊಡ್ಡಮ್ಮ ತಮ್ಮ ಕೈಯಾರೆ ದೀಪ ಹಚ್ಚಿದರು. ಭಾವ ಗಾಳಿಗೆ ಅಡ್ಡ ನಿಂತರು. ನನ್ನ ಕಣ್ಣು ತುಂಬಿ ಬಂತು. ಹಸಿರು ಗಾಡಿ ಮರೆತೇಹೋಯಿತು.

ಆಮೇಲೆ ಪ್ರತಿವರ್ಷ ಹೋಗುತ್ತೇವೆ. ಇವತ್ತೂ ಹೊರಟಿದ್ದೇವೆ. ಸಾಲಿನಲ್ಲಿ ನಿಂತೇ ತಿರುಗಿ ನೋಡಿದರೆ, ದೊಡ್ಡಮ್ಮ ಎಣ್ಣೆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, ಹೊರಗೆ ನಿಂತ ಬಿಳಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ. ಭಾವ ಬಾಗಿಲು ಹಿಡಿದು, ಆ ತಗ್ಗು ಮೆಟ್ಟಿಲ ಮೇಲೆ ಒಂದೊಂದೇ ಕಾಲಿಟ್ಟು ಮೆಲ್ಲಗೆ ಇಳಿಯುತ್ತಿದ್ದಾರೆ. ಅವರಿಗೂ ಮಂಡಿನೋವು ಶುರುವಾಗಿದೆ. ಇಷ್ಟು ವರ್ಷ ಆ ಮೆಟ್ಟಿಲು ದೊಡ್ಡಮ್ಮನೊಬ್ಬರಿಗೇ ಎಂದು ತಿಳಿದಿದ್ದೆ.

"ಬೈ ಟೂನಾ ಸಾರ್?" ಕೌಂಟರಿನವರು ವಾಡಿಕೆಯಂತೆ ಕೇಳಿದರು.

"ಬೇಡ. ಮೂರು ಫುಲ್ ಕೊಡಿ" ಎಂದೆ. "ಮುಂದೆ ಏರು ಇದೆ."